ಹೌದು, ಇಲ್ಲ ಎಂಬ ಎರಡು ಚೌಕಗಳು

ಊರು ಬಿಟ್ಟು ಬೇರೆ ರಾಜ್ಯದಲ್ಲಿ ಮನೆ ಮಾಡಿದವನಿಗೆ ಒಂದು ಬಿರುದು ತಾನಾಗಿಯೇ ಬರುತ್ತದೆ: ‘ಅಲ್ಲೆ ನಮ್ಮವರೊಬ್ಬರು ಇದ್ದಾರ.’ ಧಾರವಾಡ, ಗದಗ, ಬಾಗಲಕೋಟೆ ಕಡೆಯಿಂದ ಪುಣೆಗೆ ಬರುವವರು ಯಾರೇ ಇರಲಿ, ಮಗನ ಕಾಲೇಜು ಅಡ್ಮಿಶನ್ ಇರಲಿ, ಅಜ್ಜಿಯ ಕಣ್ಣಿನ ಆಪರೇಶನ್ ಇರಲಿ, ಕರ್ವೆನಗರದ ನಮ್ಮ ಮನೆಯ ವಿಳಾಸ ಅವರ ಕಿಸೆಯಲ್ಲಿರುತ್ತದೆ. ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ದುಡಿದು 2019ರಲ್ಲಿ ನಿವೃತ್ತನಾದ ಮೇಲೆ ‘ಅವರಿಗೆ ಕಾಗದಪತ್ರ ಎಲ್ಲಾ ತಿಳೀತದ’ ಎಂಬ ಇನ್ನೊಂದು ಬಿರುದೂ ಸೇರಿಕೊಂಡಿತು. ಈ ಎರಡನೆಯ ಬಿರುದಿನ ಜೋರಿನಲ್ಲಿ ನಾನು ಕೊಟ್ಟ ಒಂದು ಸಲಹೆಯ ಬಗ್ಗೆ ಇಲ್ಲಿ ಬರೆಯಬೇಕಾಗಿದೆ.

ನನ್ನ ತಂಗಿಯ ಮಗಳು 2023ರಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಲು ಪುಣೆಗೆ ಬಂದಳು. ವಾರವಿಡೀ ಹಾಸ್ಟೆಲ್ಲು, ಶನಿವಾರ ಸಂಜೆ ನಮ್ಮ ಮನೆ. ಬಂದವಳೇ ಅಡುಗೆಮನೆಗೆ ಹೋಗಿ, ಅವರ ಮಾಮಿಯ ಕೈಯಿಂದ ಲಟ್ಟಣಿಗೆ ಕಸಿದುಕೊಂಡು ಚಪಾತಿ ಲಟ್ಟಿಸುವುದು ಅವಳ ರೂಢಿ. 2024ರ ಜೂನಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಲಟ್ಟಣಿಗೆ ಹಿಡಿಯಲಿಲ್ಲ. ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು. ‘ಏನಿಲ್ಲ ಮಾಮಾ, ಬೆರಳು ಮುಂಜಾನೆ ಬಿಗಿ ಹಿಡೀತಾವ, ಹನ್ನೊಂದು ಗಂಟೆಕ್ಕ ಸಡ್ಲ ಆಗ್ತಾವ’ ಎಂದಳು. ಪ್ರಯೋಗಶಾಲೆಯಲ್ಲಿ ಗಾಜಿನ ಕೊಳವೆಯ ಸಣ್ಣ ನಲ್ಲಿ ತಿರುಗಿಸಿ ಹನಿ ಹನಿ ಬಿಡುವ ಕೆಲಸ ಇರುತ್ತದಂತೆ. ಬೆಳಗಿನ ಬ್ಯಾಚಿನಲ್ಲಿ ಅದು ಕೈಗೂಡುತ್ತಿಲ್ಲವೆಂದು ಮಧ್ಯಾಹ್ನದ ಬ್ಯಾಚಿಗೆ ಬದಲಿಸಿಕೊಂಡಿದ್ದಳು. ಎರಡೂ ಕೈಯ ಬೆರಳಿನ ಗೆಣ್ಣುಗಳು ತುಸು ಬಾತಿದ್ದವು.

ಆ ಮಳೆಗಾಲದಲ್ಲಿ ಪುಣೆಯ ತುಂಬ ಚಿಕುನ್‌ಗುನ್ಯಾ. ಓಣಿಯ ಡಾಕ್ಟರು ಅದೇ ಇರಬಹುದೆಂದು ರಕ್ತ ತೆಗೆಸಿದರು, ಅದಲ್ಲ ಎಂದು ಬಂತು. ‘ಜ್ವರ ಬಂದಿಲ್ಲ. ಎರಡೂ ಕೈಗೆ ಒಂದೇ ಥರ ಹಿಡಿದಿದೆ. ರುಮಟಾಯ್ಡ್ ಇರಬಹುದು, ತಜ್ಞರಿಗೆ ತೋರಿಸಿ’ ಎಂದರು. ಊರಲ್ಲಿ ನಾವು ‘ವಾಯು’ ಎಂದು ಕರೆದು ಎಣ್ಣೆ ತಿಕ್ಕಿ ಬಿಡುವ ನೋವುಗಳ ಗುಂಪಿನಲ್ಲಿ ಇದೊಂದು ಬೇರೆಯೇ ಜಾತಿ. ಮುಪ್ಪಿನ ಸವೆತ ಅಲ್ಲ. ದೇಹದ ಕಾವಲು ಪಡೆಯೇ ದಿಕ್ಕು ತಪ್ಪಿ ತನ್ನದೇ ಕೀಲುಗಳ ಮೇಲೆ ಏರಿ ಹೋಗುವ ರೋಗ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಇಪ್ಪತ್ತರ ಹರೆಯದಲ್ಲೂ ಶುರುವಾಗಬಹುದು.

ಇಷ್ಟೇ ಆಗಿದ್ದರೆ ಮರುದಿನವೇ ತಜ್ಞರ ಹತ್ತಿರ ಹೋಗುತ್ತಿದ್ದೆವು. ನಡುವೆ ಬಂದದ್ದು ಅವಳ ಹುಟ್ಟುಹಬ್ಬ. ಅವಳ ಅಪ್ಪ ಹುಬ್ಬಳ್ಳಿಯ ಒಂದು ಖಾಸಗಿ ಕಾರ್ಖಾನೆಯಲ್ಲಿದ್ದಾರೆ. ಅಲ್ಲಿಯ ಗ್ರೂಪ್ ಪಾಲಿಸಿಯಲ್ಲಿ ಮಕ್ಕಳಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಮಾತ್ರ ಆರೋಗ್ಯವಿಮೆ. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಶಾಲೆಯಲ್ಲಿ ಕಲಿಸಿ ಆಮೇಲೆ ಓದಲು ಬಂದವಳಾದ್ದರಿಂದ ಓದು ಮುಗಿಯುವ ಮೊದಲೇ, ಆ ಅಕ್ಟೋಬರಿನಲ್ಲಿ, ಅವಳಿಗೆ ಇಪ್ಪತ್ತೈದು ತುಂಬುವುದಿತ್ತು. ನನ್ನ ನಿವೃತ್ತರ ಪಾಲಿಸಿಯಲ್ಲಿ ನಾನು, ನನ್ನ ಹೆಂಡತಿ, ಇಬ್ಬರೇ. ಸರ್ಕಾರದ ಯೋಜನೆ ನೋಡೋಣವೆಂದರೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಊರಿನ ರೇಷನ್ ಕಾರ್ಡಿನ ಲೆಕ್ಕ. ಮಹಾರಾಷ್ಟ್ರದ ಮಹಾತ್ಮಾ ಫುಲೆ ಯೋಜನೆಗೆ ಇಲ್ಲಿಯ ರೇಷನ್ ಕಾರ್ಡು ಇಲ್ಲವೇ ಇಲ್ಲಿಯ ವಾಸದ ದಾಖಲೆ ಬೇಕು. ಹಾಸ್ಟೆಲಿನ ಕೋಣೆ ಅದಕ್ಕೆ ಸಾಲದು. ಊರಲ್ಲಿರುವವರಿಗೆ ಇದು ಹೊಳೆಯುವುದಿಲ್ಲ. ಗಡಿ ದಾಟಿದ ವಿದ್ಯಾರ್ಥಿ ಜಡ್ಡು ಬಿದ್ದಾಗಲೇ ತಾನು ಯಾವ ಲೆಕ್ಕದಲ್ಲೂ ಇಲ್ಲವೆಂದು ತಿಳಿದುಕೊಳ್ಳುತ್ತಾನೆ.

ನನಗೆ ಪರಿಚಯದ ಏಜೆಂಟರೊಬ್ಬರಿದ್ದರು, ಕನ್ನಡದವರೇ. ಮನೆಗೆ ಬಂದು ಚಹಾ ಕುಡಿಯುತ್ತ ವಿವರವಾಗಿ ಹೇಳಿದರು: ‘ಸರ್, ಈಗ ತಜ್ಞರ ಹತ್ರ ಹೋಗಲೇಬೇಡಿ. ಮೊದಲು ಪಾಲಿಸಿ ತಗೊಳ್ಳಿ. ಮೊದಲ ಮೂವತ್ತು ದಿನ ಹೇಗೂ ಕ್ಲೇಮ್ ಇಲ್ಲ. ಆಮೇಲೆ ಇನ್ನೆರಡು ಮೂರು ತಿಂಗಳು ಬಿಟ್ಟು ಟೆಸ್ಟ್ ಮಾಡಿಸಿ. ಆಗ ರೋಗ ಪಾಲಿಸಿ ಆದಮೇಲೆ ಬಂದಹಾಗೆ ಆಯ್ತು. ಐದು ವರ್ಷ ದಾಟಿದ್ರೆ ಹಳೇದನ್ನ ಯಾರೂ ಕೆದಕೋ ಹಾಗಿಲ್ಲ.’

ಅವರು ಹೇಳಿದ್ದರಲ್ಲಿ ಪೂರ್ತಿ ಸುಳ್ಳು ಇರಲಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮದಂತೆ, ಪಾಲಿಸಿಗೆ ಹಿಂದಿನ 36 ತಿಂಗಳೊಳಗೆ ವೈದ್ಯರು ಗುರುತಿಸಿದ, ಅಥವಾ ವೈದ್ಯರು ಸಲಹೆ, ಚಿಕಿತ್ಸೆ ಕೊಟ್ಟ ಕಾಯಿಲೆಯೇ ‘ಮೊದಲೇ ಇದ್ದ ಕಾಯಿಲೆ’. ಅದಕ್ಕೆ ಕಂಪನಿ ಹೆಚ್ಚೆಂದರೆ 36 ತಿಂಗಳು ಕಾಯಿಸಬಹುದು. ಐದು ವರ್ಷ ಸತತವಾಗಿ ಪಾಲಿಸಿ ನಡೆದರೆ, ವಂಚನೆ ಸಾಬೀತಾದ ಹೊರತು, ಮುಚ್ಚಿಟ್ಟಿದ್ದೀರಿ ಎಂದು ಕ್ಲೇಮ್ ತಳ್ಳಿಹಾಕುವಂತಿಲ್ಲ. ಆ ‘ವಂಚನೆ ಸಾಬೀತಾದ ಹೊರತು’ ಎಂಬುದನ್ನು ಮಾತ್ರ ಏಜೆಂಟರು ಚಹಾದ ಜೊತೆ ನುಂಗಿಬಿಟ್ಟಿದ್ದರು.

ಓಣಿಯ ಡಾಕ್ಟರು ‘ಇರಬಹುದು’ ಎಂದಷ್ಟೇ ಅಂದಿದ್ದರು, ಚೀಟಿಯಲ್ಲಿ ಏನೂ ಬರೆದಿರಲಿಲ್ಲ. ನನ್ನ ಬ್ಯಾಂಕಿನ ತಲೆಗೆ ಅಷ್ಟು ಸಾಕಾಯಿತು. ದಾಖಲೆಯಲ್ಲಿ ಇಲ್ಲದ್ದು ಇಲ್ಲ. ‘ಜನವರಿತನಕ ತಡಕೋ ತಂಗಿ, ನೋವಿಗೆ ಮಾತ್ರಿ ತಗೋ. ಹೆಸರು ಇಲ್ಲದ ರೋಗಕ್ಕ ಇಲ್ಲ ಅಂತ ಬರದ್ರ ಸುಳ್ಳು ಹೆಂಗಾದೀತು’ ಎಂದೆ. ಧಾರವಾಡದಿಂದ ನನ್ನ ತಂಗಿ ಫೋನಿನಲ್ಲಿ ಇನ್ನಷ್ಟು ಒತ್ತಿ ಹೇಳಿದಳು, ಬೇರೆ ಕಾರಣಕ್ಕೆ: ‘ಅಣ್ಣಾ, ಹೆಸರು ಇಡಸಬ್ಯಾಡ. ಒಮ್ಮೆ ಹೆಸರು ಇಟ್ಟರ ಹೋಗೂದಿಲ್ಲ. ನಾಳೆ ವರ ನೋಡೂದದ.’ ಹೀಗೆ ಹುಡುಗಿಯ ಬೆರಳುಗಳನ್ನು ಬಿಟ್ಟು ಉಳಿದವರೆಲ್ಲ ಒಮ್ಮತಕ್ಕೆ ಬಂದೆವು. ಆರು ವಾರ ಹಾಗೇ ಕಳೆಯಿತು.

ಆಗಸ್ಟಿನ ಕೊನೆಯ ಶನಿವಾರ ಪಾಲಿಸಿಯ ಅರ್ಜಿ ತುಂಬಲು ಕೂತೆವು. ನಾನು ಕನ್ನಡಕ ಹಾಕಿಕೊಂಡು ಓದುವುದು, ಅವಳು ಬರೆಯುವುದು. ಹೆಸರು, ವಿಳಾಸ, ತೂಕ, ಎತ್ತರ. ಮೂರನೆಯ ಪುಟದಲ್ಲಿ ಸಾಲಾಗಿ ಪ್ರಶ್ನೆಗಳು, ಪ್ರತಿಯೊಂದರ ಮುಂದೆ ಎರಡು ಚೌಕ: ಹೌದು, ಇಲ್ಲ. ಕೀಲುಗಳ ಕಾಯಿಲೆ, ನೋವು, ಬಾವು ಇದೆಯೇ, ಇತ್ತೇ ಎಂಬ ಪ್ರಶ್ನೆ ಬಂತು. ಅವಳು ಪೆನ್ನು ಕೆಳಗಿಟ್ಟಳು.

‘ಮಾಮಾ, ಇವರು ರೋಗದ ಹೆಸರು ಕೇಳಿಲ್ಲ. ನೋವು ಅದ ಏನು ಅಂತ ಕೇಳ್ಯಾರ. ನನಗ ಈಗ ಪೆನ್ನು ಹಿಡೀಲಿಕ್ಕೇ ನೋಯ್ತದ.’

ಆ ಅಕ್ಷರಗಳ ಮೇಲೆ ನನ್ನ ಕಣ್ಣು ನಿಂತಿತು. ಇಂಥದೇ ಒಂದು ಪುಟ ನನಗೆ ಹಿಂದೆ ಕೈಯಾರೆ ಗೊತ್ತು.

2006ರಲ್ಲಿ ನಾನು ಸೊಲ್ಲಾಪುರದಲ್ಲಿ ಶಾಖಾ ವ್ಯವಸ್ಥಾಪಕನಾಗಿದ್ದೆ. ಮಾರ್ಚ್ ಕೊನೆ, ಟಾರ್ಗೆಟ್ಟಿನ ದಿನಗಳು. ಕನ್ನಡ ಮಾತಾಡುವ ಒಬ್ಬ ಚಾದರ ವ್ಯಾಪಾರಿಗೆ ಮನೆ ಸಾಲ ಮಂಜೂರಾಗಿತ್ತು. ಸಾಲಕ್ಕೆ ಜೋಡಿಯಾಗಿ ಜೀವವಿಮೆ, ಅದಕ್ಕೊಂದು ಆರೋಗ್ಯ ಘೋಷಣೆ. ಅರ್ಜಿ ಇಂಗ್ಲಿಷಿನಲ್ಲಿ. ಆತ ನನ್ನ ಚೇಂಬರಿನಲ್ಲಿ ಕೂತು ಚಹಾದ ಜೊತೆ ಬಿ.ಪಿ. ಮಾತ್ರೆ ನುಂಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ಪ್ರಶ್ನೆಗಳನ್ನು ಓದಿ ಹೇಳಲಿಲ್ಲ. ನಾನೇ ಪೆನ್ನು ತೆಗೆದುಕೊಂಡು ಎಂಟು ಪ್ರಶ್ನೆಗಳ ಮುಂದೆ ಎಂಟು ಸಲ ‘ನೋ’ ಎಂದು ಬರೆದು, ಕೆಳಗೆ ಸಹಿ ಮಾಡಿಸಿದೆ. ಆತ ನಂಬಿ ಕನ್ನಡದಲ್ಲಿ ಸಹಿ ಮಾಡಿದ. ಎರಡು ವರ್ಷದ ಮೇಲೆ ಹೃದಯಾಘಾತದಿಂದ ತೀರಿಕೊಂಡ. ವಿಮೆಯವರು ಬಿ.ಪಿ. ಮುಚ್ಚಿಟ್ಟರೆಂದು ಕ್ಲೇಮ್ ತಳ್ಳಿದರು. ಅವನ ಹೆಂಡತಿ ಆ ಅರ್ಜಿಯ ನಕಲು ಹಿಡಿದುಕೊಂಡು ನನ್ನ ಮುಂದೆ ನಿಂತು ಕೇಳಿದಳು: ‘ಸಾಹೇಬ್ರ, ಸಹಿ ಅವರದ ಖರೆ. ಈ ಇಂಗ್ಲಿಷ್ ಅಕ್ಷರ ಅವರದಲ್ಲ. ಯಾರದು?’

‘ಬ್ಯಾಂಕಿನವರದು’ ಎಂದೆ.

ನನ್ನದು ಎನ್ನಲಿಲ್ಲ. ಬಾಕಿ ಸಾಲವನ್ನು ಆಕೆ ಮಗ್ಗ ಮಾರಿ ತೀರಿಸಿದಳೆಂದು ಆಮೇಲೆ ಕೇಳಿದೆ. ಈ ಸಂಗತಿಯನ್ನು ಹೆಂಡತಿಗೂ ಹೇಳಿರಲಿಲ್ಲ. ಆ ಶನಿವಾರ ರಾತ್ರಿ ಹೇಳಿದೆ. ಅವಳು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ‘ಸೋಮವಾರ ಡಾಕ್ಟರ ಕಡೆ ಹೋಗೂಣ’ ಎಂದಳು.

ಹಾಗಾದರೆ ವಿಮಾ ಕಂಪನಿಗೆ ಸತ್ಯ ಹೇಳುವುದು ಧರ್ಮವೇ? ಆ ರಾತ್ರಿ ನನ್ನನ್ನು ಕಾಡಿದ ಪ್ರಶ್ನೆ ಇದು. ಇದಕ್ಕೆ ಸುಲಭದ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ.

ಧಾರವಾಡದಲ್ಲಿ ಎಂ.ಕಾಂ. ಓದುವಾಗ ನಮಗೆ ಒಂದು ಮೊಕದ್ದಮೆ ಪಾಠಕ್ಕಿತ್ತು, ಕಾರ್ಟರ್ ವಿರುದ್ಧ ಬೋಹ್ಮ್, 1766. ವಿಮೆ ಎಂಬುದು ಪರಮ ವಿಶ್ವಾಸದ ವ್ಯವಹಾರ, ವಿಮೆ ಮಾಡಿಸುವವನು ತನಗೆ ತಿಳಿದದ್ದನ್ನು ಮುಚ್ಚಿಡಬಾರದು ಎಂಬ ತತ್ವಕ್ಕೆ ಅದೇ ಮೂಲ. ಪರೀಕ್ಷೆಗೆ ಅಷ್ಟು ಬರೆದರೆ ಅಂಕ ಬರುತ್ತಿತ್ತು. ಆದರೆ ನಮ್ಮ ಮೇಷ್ಟ್ರು ಕತೆಯನ್ನೂ ಹೇಳಿದ್ದರು. ಕಾರ್ಟರ್ ಸುಮಾತ್ರಾದ ಒಂದು ಇಂಗ್ಲಿಷ್ ಕೋಟೆಯ ಗವರ್ನರ್. ಕೋಟೆಯ ಮೇಲೆ ವಿಮೆ ಮಾಡಿಸಿದ್ದ. 1760ರಲ್ಲಿ ಫ್ರೆಂಚರು ಬಂದು ಕೋಟೆ ಹಿಡಿದರು. ಕೋಟೆ ಗಟ್ಟಿ ಇರಲಿಲ್ಲ, ಫ್ರೆಂಚರ ಭಯ ಇತ್ತು, ಅದನ್ನು ಹೇಳಲಿಲ್ಲ ಎಂದು ವಿಮೆ ಕೊಟ್ಟವನ ತಕರಾರು. ಲಾರ್ಡ್ ಮ್ಯಾನ್ಸ್‌ಫೀಲ್ಡ್ ತತ್ವವನ್ನು ಘೋಷಿಸಿ, ತೀರ್ಪು ಕೊಟ್ಟದ್ದು ಮಾತ್ರ ಕಾರ್ಟರನ ಪರವಾಗಿ. ವಿಶ್ವಾಸ ಎರಡೂ ಕಡೆಗೆ ಇರಬೇಕು, ವಿಚಾರಿಸಿದರೆ ತಿಳಿಯಬಹುದಾದದ್ದನ್ನು ವಿಚಾರಿಸದೆ ಪ್ರೀಮಿಯಂ ತಗೊಂಡು ಆಮೇಲೆ ಕೈ ಎತ್ತುವಂತಿಲ್ಲ ಎಂಬುದು ಅದರ ಸಾರ. ಇಷ್ಟು ವರ್ಷ ಆ ಅರ್ಧ ನನಗೆ ಮರೆತೇ ಹೋಗಿತ್ತು.

ಒಂದು ಕಡೆಯಿಂದ ನೋಡಿದರೆ ಮುಚ್ಚಿಡುವುದು ಕಂಪನಿಗೆ ಮಾಡುವ ಮೋಸ ಅಲ್ಲ, ಜೊತೆಗಾರರಿಗೆ ಮಾಡುವ ಮೋಸ. ಬ್ಯಾಂಕಿನ ತಿಜೋರಿಯಲ್ಲಿರುವುದು ಬ್ಯಾಂಕಿನ ಹಣ ಅಲ್ಲ ಎಂದು ಮೂವತ್ತೇಳು ವರ್ಷ ಹೇಳಿಕೊಂಡು ಬಂದವನು ನಾನು. ವಿಮೆಯೂ ಹಾಗೇ, ಸಾವಿರಾರು ಜನ ಸೇರಿ ಹಾಕಿದ ಚೀಟಿ.

ಇನ್ನೊಂದು ಕಡೆಯಿಂದ ನೋಡಿ. ಅಕ್ಟೋಬರಿನ ಹುಟ್ಟುಹಬ್ಬದ ಹಿಂದಿನ ದಿನ ಇದೇ ಹುಡುಗಿ, ಇದೇ ಬೆರಳು, ಇದೇ ಬಾವು, ಅಪ್ಪನ ಗ್ರೂಪ್ ಪಾಲಿಸಿಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಮರುದಿನ ಮೂರು ಪುಟ ಪ್ರಶ್ನೆ. ಅವಳೇನು ಒಂದು ರಾತ್ರಿಯಲ್ಲಿ ಅಪ್ರಾಮಾಣಿಕಳಾದಳೆ? ಜಡ್ಡು ಬಂದಾಗ ಆಸರೆಯಾಗಲೆಂದು ಕಟ್ಟಿದ ಚೀಟಿ, ಜಡ್ಡಿನ ಸುಳಿವು ಸಿಕ್ಕ ಕೂಡಲೇ ಬಾಗಿಲು ಅರ್ಧ ಹಾಕುತ್ತದೆ. ಮೇಲಾಗಿ ನಿಯಮದ ಮಾತು ಹೇಗಿದೆ ನೋಡಿ: ವೈದ್ಯರು ಹೇಳಿದರೆ ಕಾಯಿಲೆ. ಅಂದರೆ ಬೇಗ ಡಾಕ್ಟರ ಹತ್ತಿರ ಹೋದವನಿಗೆ ಶಿಕ್ಷೆ, ಹೋಗದೆ ಕೂತವನಿಗೆ ಬಹುಮಾನ. ಬಡವನೋ ವಿದ್ಯಾರ್ಥಿಯೋ ಇಂಥಲ್ಲಿ ‘ಇಲ್ಲ’ ಎಂದು ಬರೆದರೆ ಅವನ ಮೇಲೆ ಕಲ್ಲೆಸೆಯಲು ನನ್ನ ಕೈ ಏಳುವುದಿಲ್ಲ.

ಆದರೆ ನಾನು ಕೊಟ್ಟ ಸಲಹೆ ಸುಳ್ಳು ಬರೆ ಎಂಬುದಷ್ಟೇ ಆಗಿರಲಿಲ್ಲ. ಸುಳ್ಳು ನಿಜದಂತೆ ಕಾಣಲೆಂದು ತಿಳಿದುಕೊಳ್ಳಬೇಡ ಎಂದಿದ್ದೆ. ತಿಳಿಯದಿರುವುದು ಬೇರೆ, ತಿಳಿಯಬಾರದೆಂದು ನಿರ್ಧರಿಸಿ ಕೂಡುವುದು ಬೇರೆ. ಮೊದಲನೆಯದಕ್ಕೆ ಯಾರೂ ಹೊಣೆಯಲ್ಲ. ಎರಡನೆಯದರಲ್ಲಿ ಮನಸ್ಸು ಮೊದಲೇ ತಿಳಿದುಕೊಂಡಿರುತ್ತದೆ, ಕಣ್ಣು ಮುಚ್ಚಿಕೊಂಡಿರುತ್ತದೆ ಅಷ್ಟೆ. ಸೊಲ್ಲಾಪುರದಲ್ಲಿ ನಾನು ಆ ಮಾತ್ರೆಯನ್ನು ನೋಡಿಯೂ ನೋಡಿರಲಿಲ್ಲವಲ್ಲ, ಹಾಗೆ. ಮತ್ತು ಎರಡು ಸಲವೂ ಕಣ್ಣು ಮುಚ್ಚಿದವನು ನಾನು, ಬೆಲೆ ತೆರಬೇಕಾದವರು ಬೇರೆಯವರು.

ಬೆಲೆ ಎಷ್ಟೆಂದು ತಜ್ಞ ವೈದ್ಯೆ ಹೇಳಿದರು. ಸೆಪ್ಟೆಂಬರ್ ಮೊದಲ ವಾರ ಹೋದೆವು. ಅವರು ಮರಾಠಿಯಲ್ಲಿ ಕೇಳಿದ ಮೊದಲ ಪ್ರಶ್ನೆ, ಶುರುವಾಗಿ ಎಷ್ಟು ದಿನವಾಯಿತು? ಮೂರು ತಿಂಗಳು ಎಂದಳು ಹುಡುಗಿ. ‘ಮತ್ತೆ ಇಷ್ಟು ದಿನ?’ ಎಂದು ಅವರು ನನ್ನ ಕಡೆ ನೋಡಿದರು. ಈ ರೋಗದಲ್ಲಿ ಮೊದಲ ಕೆಲವು ತಿಂಗಳಿಗೆ ಬಹಳ ಬೆಲೆ. ಆಗ ಸರಿಯಾದ ಔಷಧ ಶುರುವಾದರೆ ಬಾವು ಹತೋಟಿಗೆ ಬಂದು ಕೀಲು ಉಳಿಯುವ ಸಾಧ್ಯತೆ ಹೆಚ್ಚು. ಬಿಟ್ಟರೆ ಎಲುಬು ತಿನ್ನಲು ಶುರುಮಾಡುತ್ತದೆ, ತಿಂದದ್ದು ಮತ್ತೆ ತುಂಬುವುದಿಲ್ಲ. ನೋವಿನ ಮಾತ್ರೆ ನೋವನ್ನು ಮುಚ್ಚುತ್ತದೆಯೇ ಹೊರತು ಸವೆತವನ್ನು ನಿಲ್ಲಿಸುವುದಿಲ್ಲ. ನಾನು ಜನವರಿಯವರೆಗೆ ತಡೆ ಎಂದಿದ್ದೆ.

ರಕ್ತಪರೀಕ್ಷೆಗಳು ಬಂದವು. ಆರ್.ಎ. ಫ್ಯಾಕ್ಟರ್ ಇಲ್ಲ, ಆ್ಯಂಟಿ-ಸಿ.ಸಿ.ಪಿ. ಮಾತ್ರ ಸ್ವಲ್ಪ ಹೆಚ್ಚು, ಉರಿಯೂತದ ಗುರುತುಗಳು ಹೆಚ್ಚು. ವೈದ್ಯೆ ಆಗಲೂ ‘ಇರಬಹುದು’ ಎಂದೇ ಅಂದರು. ಪೂರ್ತಿ ಲಕ್ಷಣ ತುಂಬಿಲ್ಲ, ಆದರೆ ಅದೇ ದಾರಿಯಲ್ಲಿದೆ, ಕಾಯುವುದು ಬೇಡ ಎಂದು ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಸಿಡ್ ಬರೆದರು. ವಾರಕ್ಕೆ ಒಂದೇ ದಿನ, ತಪ್ಪಿಯೂ ದಿನಾ ಅಲ್ಲ ಎಂದು ಚೀಟಿಯ ಮೇಲೆ ಎರಡು ಗೆರೆ ಎಳೆದು ಕೊಟ್ಟರು. ಲಿವರ್, ರಕ್ತಕಣದ ಪರೀಕ್ಷೆ ಆಗಾಗ ಮಾಡಿಸಬೇಕು.

ಔಷಧದ ಅಂಗಡಿಯಲ್ಲಿ ಇನ್ನೊಂದು ಪಾಠವಾಯಿತು. ತಿಂಗಳ ಮಾತ್ರೆಯ ಬಿಲ್ಲು ಇನ್ನೂರು ರೂಪಾಯಿ ಮುಟ್ಟಲಿಲ್ಲ. ದುಬಾರಿಯಾದದ್ದು ಪರೀಕ್ಷೆಗಳು ಮತ್ತು ತಜ್ಞರ ಫೀಸು. ಇವೆಲ್ಲ ಹೊರರೋಗಿ ವಿಭಾಗದ ಖರ್ಚು, ನಾವು ಕೊಳ್ಳಲು ಹೊರಟಿದ್ದ ಪಾಲಿಸಿ ಇದರಲ್ಲಿ ಒಂದು ಪೈಸೆ ಕೊಡುವುದಿರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ಅದರ ಕೆಲಸ. ಮುಂದೆ ದೊಡ್ಡ ಇಂಜೆಕ್ಷನ್ನುಗಳು ಬೇಕಾದರೆ, ಕೀಲು ಬದಲಿಸಬೇಕಾದರೆ, ಅಥವಾ ಡೆಂಗಿ, ಅಪಘಾತ ಎಂದಾದರೆ ಅದು ಬೇಕು, ಖಂಡಿತ ಬೇಕು. ಆದರೆ ಕೀಲು ಉಳಿಸುವ ಇನ್ನೂರು ರೂಪಾಯಿಯ ಔಷಧವನ್ನು ಬಿಟ್ಟು, ಕೀಲು ಹೋದಮೇಲೆ ಬದಲಿಸುವ ಹಣಕ್ಕಾಗಿ ಕಾದಿದ್ದೆವು ನಾವು. ಎಂ.ಕಾಂ. ಓದಿದವನು ನಾನು.

ಆಮೇಲೆ ನಿಯಮಗಳನ್ನು ಏಜೆಂಟರ ಬಾಯಿಂದಲ್ಲ, ಸ್ವತಃ ಓದಿದೆ. ಗ್ರೂಪ್ ಪಾಲಿಸಿಯಲ್ಲಿದ್ದವರು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗಬಹುದು, ಹಿಂದಿನ ವರ್ಷಗಳ ಕಾಯುವಿಕೆ ಲೆಕ್ಕಕ್ಕೆ ಹಿಡಿಯುತ್ತಾರೆ, ಆದರೆ ಅವಧಿ ಮುಗಿಯುವ ಮೊದಲೇ ಅರ್ಜಿ ಕೊಡಬೇಕು. ಕಂಪನಿ ಹೊಸದಾಗಿ ಪರಿಶೀಲಿಸಬಹುದು. ಅವಳ ಅಪ್ಪ ಕಾರ್ಖಾನೆಯ ಆಫೀಸಿಗೆ ನಾಲ್ಕು ಸಲ ಅಲೆದು ಕಾಗದ ತಂದರು.

ಅರ್ಜಿ ತುಂಬುವ ಹೊತ್ತಿಗೆ ನನ್ನ ತಂಗಿಯೂ ಬಂದಿದ್ದಳು. ಆಗಷ್ಟೇ, ಸೆಪ್ಟೆಂಬರ್ 16ರಿಂದ, ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲು ಶುರುವಾಗಿತ್ತು. ರೈಲಿನ ಸೀಟು, ಊಟ ಎಲ್ಲವನ್ನೂ ಹೊಗಳಿದವಳು, ಅರ್ಜಿ ಕಂಡ ಕೂಡಲೇ ಮೌನವಾದಳು. ಹುಡುಗಿ ‘ಹೌದು’ ಎಂಬ ಚೌಕದಲ್ಲಿ ಗುರುತು ಹಾಕಿ, ಕೊಟ್ಟ ಒಂದು ಸಾಲಿನ ಜಾಗ ಸಾಲದೆ, ಬೇರೆ ಹಾಳೆಯ ಮೇಲೆ ಬರೆದಳು: ಯಾವಾಗ ಶುರು, ಯಾವ ಪರೀಕ್ಷೆ, ಏನು ಬಂತು, ವೈದ್ಯರು ಏನೆಂದರು, ಯಾವುದು ಇನ್ನೂ ಖಚಿತವಿಲ್ಲ. ಒಂದೂವರೆ ಪುಟ. ಈ ಸಲ ನಾನು ಪೆನ್ನು ಮುಟ್ಟಲಿಲ್ಲ.

ಬೇರೆ ಎರಡು ಕಂಪನಿಗಳಲ್ಲೂ ಬಾಯಿಮಾತಿನಲ್ಲಿ ವಿಚಾರಿಸಿದ್ದೆ. ಒಂದರಲ್ಲಿ ಫೋನಿನಲ್ಲೇ ‘ಆಗೋದಿಲ್ಲ’. ಇನ್ನೊಂದರಲ್ಲಿ ಮೂರು ವರ್ಷ ಕಾಯಿರಿ. ಹಳೆಯ ಕಂಪನಿ ಒಂದು ತಿಂಗಳು ಸತಾಯಿಸಿ, ಪ್ರೀಮಿಯಂ ಕಾಲು ಭಾಗ ಏರಿಸಿ, ಗ್ರೂಪಿನಲ್ಲಿದ್ದಷ್ಟೇ ಮೂರು ಲಕ್ಷಕ್ಕೆ ಪಾಲಿಸಿ ಕೊಟ್ಟಿತು. ಸತ್ಯಕ್ಕೆ ಬೆಲೆ ತೆರಬೇಕಾಯಿತು, ಕಂತಿನಲ್ಲಿ. ಆಗ ಅದರ ಮೇಲೆ ಶೇಕಡಾ 18 ಜಿ.ಎಸ್.ಟಿ. ಬೇರೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದನ್ನು ತೆಗೆದಿದ್ದಾರೆ, ಅಷ್ಟು ಉಸಿರು. ಕಂಪನಿ ಬೇಡ ಎಂದಿದ್ದರೆ ನಾನು ಇಷ್ಟು ನಿಶ್ಚಿಂತೆಯಿಂದ ಇದನ್ನು ಬರೆಯುತ್ತಿದ್ದೆನೇ? ಗೊತ್ತಿಲ್ಲ.

ಔಷಧ ಎರಡು ತಿಂಗಳಿಗೆ ಹಿಡಿಯಿತು. ಎಡಗೈಯ ಒಂದು ಬೆರಳು ಮಾತ್ರ ಪೂರ್ತಿ ಮಡಚುವುದಿಲ್ಲ. ಆ ಆರು ವಾರ ಮೊದಲೇ ಹೋಗಿದ್ದರೆ ಅದೂ ಸರಿಯಿರುತ್ತಿತ್ತೇ ಎಂದು ವೈದ್ಯೆಯನ್ನು ಕೇಳಲು ನನಗೆ ಧೈರ್ಯವಾಗಿಲ್ಲ. ಎಂ.ಎಸ್ಸಿ. ಮುಗಿಯಿತು, ಇಲ್ಲೇ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ಗ್ರೂಪ್ ಪಾಲಿಸಿಯಲ್ಲಿ ಅವಳನ್ನು ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮೊನ್ನೆ ಧಾರವಾಡದಿಂದ ತಂಗಿಯ ಫೋನು. ಬೆಳಗಾವಿಯ ಕಡೆಯ ಒಂದು ಸಂಬಂಧ ಬಂದಿದೆ, ಹುಡುಗ ಇಂಜಿನಿಯರು, ಜಾತಕ ಕೂಡಿದೆ. ‘ಅಣ್ಣಾ, ಅವರು ಏನೂ ಕೇಳಿಲ್ಲ. ಕೇಳದs ನಾವಾಗಿ ಹೇಳೂದು ಯಾಕ?’ ಎಂದಳು. ಫೋನು ಸ್ಪೀಕರಿನಲ್ಲಿತ್ತು. ಶನಿವಾರ. ಹುಡುಗಿ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು.

‘ಮಾಮಾ, ಅಲ್ಲೆನೂ ಬ್ಯಾರೆ ಹಾಳಿ ಹಚ್ಚಬೇಕೇನು?’

ತಂಗಿ ಆ ಕಡೆ ಉಸಿರು ಬಿಗಿಹಿಡಿದು ಕಾಯುತ್ತಿರುವುದು ಫೋನಿನಲ್ಲೂ ತಿಳಿಯುತ್ತಿತ್ತು. ಕಾಗದಪತ್ರ ಎಲ್ಲಾ ತಿಳಿದವನು ನಾನು. ‘ಮೊದಲು ಹುಡುಗನ ನೋಡೂಣ, ಅವರನ್ನ ಪುಣೆಗೇ ಕರಸು’ ಎಂದೆ.